ರಬ್ಬರ್ ಕಪ್ಪೆಯೂ ಅಪ್ಪನ ಗಂಟೂ

ಯಾವ ಕೆಲಸ ನಮಗೆ ಬರುವುದಿಲ್ಲವೋ ಆ ಕೆಲಸದ ಸಾಮಾನು ಕೊಳ್ಳುವುದರಲ್ಲಿ ನಾವು ಬಹಳ ಚುರುಕಾಗಿರುತ್ತೇವೆ. ಹಾಡಲು ಬಾರದವರ ಮನೆಯಲ್ಲಿ ಒಳ್ಳೆಯ ಹಾರ್ಮೋನಿಯಂ ಇರುತ್ತದೆ. ಬೆಳಿಗ್ಗೆ ಏಳಲಾರದವರ ಮನೆಯ ಬಾಗಿಲಲ್ಲಿ ವಾಕಿಂಗ್ ಶೂ ಹೊಸದಾಗಿಯೇ ಉಳಿದಿರುತ್ತದೆ. ಇಷ್ಟು ಪೀಠಿಕೆ ಯಾಕೆಂದರೆ, ದುರ್ಗಿಗುಡಿಯ ನಮ್ಮ ಮನೆಯಲ್ಲಿ ಹದಿನೇಳು ಕಪ್ಪೆಗಳಿವೆ ಎಂದು ಒಮ್ಮೆಗೇ ಒಪ್ಪಿಕೊಳ್ಳಲು ನನಗೆ ನಾಚಿಕೆ. ಎಲ್ಲವೂ ರಬ್ಬರಿನವು. ಬೆನ್ನಿಗೆ ಅಂಟಿದಂತೆ ಎರಡು ಕೊಕ್ಕೆ, ಹಿಂಗಾಲಿನ ಜಾಗದಲ್ಲಿ ರಬ್ಬರ್ ಎಳೆಗಳ ಜುಟ್ಟು, ಮೂಗಿನಲ್ಲಿ ದಾರ ಕಟ್ಟಲು ಸಣ್ಣ ಬಳೆ. ನೀರಿನ ಮೇಲೆ ಎಳೆದರೆ ನಿಜವಾದ ಕಪ್ಪೆಯೇ ಕುಪ್ಪಳಿಸಿದಂತೆ ಕಾಣುತ್ತದೆ, ಮೀನು ಮೋಸಹೋಗಿ ಬಾಯಿ ಹಾಕುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆ. ಈವರೆಗೆ ಮೋಸಹೋಗಿರುವುದು ನಾನೊಬ್ಬನೇ. ನನ್ನ ಹೆಂಡತಿ ಸುಮಾ ಒಂದು ದಿನ ಇಸ್ತ್ರಿ ಬಟ್ಟೆಯ ನಡುವೆ ಸಿಕ್ಕ ಕಪ್ಪೆಯೊಂದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು, "ಮೂರು ವರ್ಷದಲ್ಲಿ ಒಂದು ಮೀನಿನ ಮುಖ ನೋಡ್ಲಿಲ್ಲ ನಾವು. ಇವು ಮಾತ್ರ ಬೀರುವಿನಲ್ಲೇ ಸಂಸಾರ ಹೂಡಿದಾವೆ" ಎಂದಳು. ನಾನು ಅದನ್ನು ಇಸಿದುಕೊಂಡು, ಇದು ಮೋಡದ ದಿನಕ್ಕೆ ಬೇಕಾದ ಬಣ್ಣ ಎಂದು ವಿವರಿಸಿದೆ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಈ ಬಣ್ಣದ ಜ್ಞಾನವೆಲ್ಲ ನನಗೆ ಫೋನಿನಿಂದ ಬಂದದ್ದು. ಅಮೆರಿಕದಲ್ಲಿ ಬಾಸ್ ಎಂಬ ಮೀನು ಇದೆಯಂತೆ. ಅದನ್ನು ಹಿಡಿಯುವುದನ್ನು ಕಲಿಸುವ ವೀಡಿಯೋಗಳು ನೋಡಿದಷ್ಟೂ ಮುಗಿಯುವುದಿಲ್ಲ. ಕಪ್ಪು ಕನ್ನಡಕದ ಮನುಷ್ಯನೊಬ್ಬ ದೋಣಿಯಲ್ಲಿ ನಿಂತು, ನೀರು ಕದಡಿದ್ದರೆ ಕಡುಬಣ್ಣದ ಗಾಳ, ತಿಳಿಯಾಗಿದ್ದರೆ ಸಹಜ ಬಣ್ಣ, ಗಾಳಿ ಇದ್ದರೆ ಸದ್ದು ಮಾಡುವ ಗಾಳ ಎಂದು ಪಾಠ ಹೇಳುತ್ತಾನೆ. ಬಾಸ್ ನಮ್ಮ ತುಂಗೆಯಲ್ಲೂ ಇಲ್ಲ, ಭದ್ರೆಯಲ್ಲೂ ಇಲ್ಲ. ಆದರೆ ನಮ್ಮ ಕೊರವ ಮೀನಿನ ಬುದ್ಧಿ ಬಹಳ ಮಟ್ಟಿಗೆ ಅದರದ್ದೇ. ಕಳೆಗಿಡದ ಅಡಿಯಲ್ಲಿ ಸುಮ್ಮನೆ ಬಿದ್ದುಕೊಂಡಿದ್ದು, ಮೇಲೆ ಕಪ್ಪೆ ಹಾರಿದರೆ ಥಟ್ಟನೆ ನುಂಗುತ್ತದೆ. ಹಾಗಾಗಿ ಅಲ್ಲಿನ ಪಾಠ ಇಲ್ಲಿಗೂ ಆಗುತ್ತದೆಂದು ನಾನು ತೀರ್ಮಾನಿಸಿದೆ. ಅಮೆರಿಕದವನು ಎರಡು ನಿಮಿಷದಲ್ಲಿ ಗಾಳ ಆರಿಸುತ್ತಾನೆ. ನಾನು ಭದ್ರಾವತಿಯ ಹೊಳೆದಂಡೆಯಲ್ಲಿ ಡಬ್ಬಿ ಬಿಚ್ಚಿಕೊಂಡು, ಮದುವೆ ಸೀರೆ ಆರಿಸುವವರಂತೆ ಹಸಿರೋ ಕಂದೋ ಎಂದು ಅರ್ಧ ಗಂಟೆ ಕೂರುತ್ತೇನೆ. ಅಷ್ಟರಲ್ಲಿ ಬಿಸಿಲು ಏರಿ ನೀರಿನ ಬಣ್ಣವೇ ಬದಲಾಗಿರುತ್ತದೆ.

ನಿಜ ಹೇಳಬೇಕೆಂದರೆ ನನಗೆ ಮೀನಿನ ಆಸೆ ಅಷ್ಟಿಲ್ಲ. ನನ್ನ ಆಸೆಯೇ ಬೇರೆ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸದಲ್ಲಿದ್ದರು. ವಾರದ ರಜೆ ಬಂತೆಂದರೆ ಬಿದಿರು ಕೋಲು ಹಿಡಿದು, ಓಲ್ಡ್ ಟೌನಿನ ಸೇತುವೆ ದಾಟಿ, ಹೊಳೆ ನಿಂತಂತಾಗುವ ಒಂದು ಮಡುವಿನ ಹತ್ತಿರ ಹೋಗಿ ಕೂರುತ್ತಿದ್ದರು. ಬಣ್ಣದ ಗಾಳ ಅವರ ಕಾಲಕ್ಕೆ ಗೊತ್ತೇ ಇರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಅಗೆದ ಎರೆಹುಳು, ಇಲ್ಲವೇ ಹಿಂಡಿ ಕಲಸಿದ ಹಿಟ್ಟಿನ ಉಂಡೆ. ಅಮ್ಮನ ಅಡುಗೆಮನೆಯ ಸ್ಟೀಲ್ ಚಮಚವೊಂದರ ಹಿಡಿ ಕತ್ತರಿಸಿ, ತುದಿಗೆ ತೂತು ಕೊರೆದು, ಅದನ್ನೇ ಹೊಳೆಯುವ ಗಾಳ ಮಾಡಿದ್ದೂ ಉಂಟು. ಆ ವಾರವೆಲ್ಲ ಉಪ್ಪಿನಕಾಯಿಯನ್ನು ಕೈಯಲ್ಲೇ ಬಡಿಸಿಕೊಂಡೆವು. ಆದರೆ ಅವರ ಹೆಸರು ನಿಂತದ್ದು ಗಂಟಿನ ಮೇಲೆ. ಆಗಿನ ಗಾಳದ ಕೊಕ್ಕೆಗಳಿಗೆ ದಾರ ತೂರಿಸಲು ಕಣ್ಣೇ ಇರುತ್ತಿರಲಿಲ್ಲ. ತುದಿ ಚಪ್ಪಟೆಯಾಗಿರುತ್ತಿತ್ತು, ಅಷ್ಟೇ. ನೈಲಾನ್ ದಾರವನ್ನು ಕೊಕ್ಕೆಯ ಕಾಲಿಗೆ ಸುತ್ತಿ ಸುತ್ತಿ ಬಿಗಿಯಬೇಕು. ಸೇತುವೆಯ ಬಳಿ ಕೂರುತ್ತಿದ್ದವರಲ್ಲಿ ಎಲ್ಲರ ಗಂಟೂ ಒಂದಲ್ಲ ಒಂದು ದಿನ ಜಾರಿತ್ತು, ಅಪ್ಪನದು ಮಾತ್ರ ಜಾರಿರಲಿಲ್ಲ. ಅದಕ್ಕೇ ಅವರನ್ನು ಕಾರ್ಖಾನೆಯ ಕ್ವಾರ್ಟರ್ಸಿನವರು ಗಂಟು ಶಿವಣ್ಣ ಎನ್ನುತ್ತಿದ್ದರು. ಅಪ್ಪ ಆ ಹೆಸರನ್ನು ಬಿರುದಿನಂತೆ ಹೊತ್ತು ತಿರುಗಿದರು. ಅವರು ಹೋಗಿ ಎಂಟು ವರ್ಷವಾಯಿತು. ಅವರಿದ್ದಾಗ ಒಂದು ದಿನವೂ ಜೊತೆಗೆ ಕೂತು ಕಲಿಯದ ನಾನು, ಐವತ್ತು ದಾಟಿದ ಮೇಲೆ, ಆ ಮಡುವಿನ ಬಳಿ ನಿಂತು ಯಾರಾದರೂ ಒಮ್ಮೆ ನನ್ನನ್ನು ನೋಡಿ ಇವನು ಶಿವಣ್ಣನ ಮಗ ಎನ್ನಲಿ ಎಂದು ಕಾಯತೊಡಗಿದೆ. ಹದಿನೇಳು ಕಪ್ಪೆಗಳ ಹಿಂದಿನ ಕಥೆ ಇಷ್ಟೇ.

ತೊಂದರೆಯಾದದ್ದು ಗಂಟಿನಲ್ಲೇ. ನಾನು ಕಚೇರಿಯೊಂದರಲ್ಲಿ ಗುಮಾಸ್ತ. ನಾನು ಲಾಡಿ ಬಿಗಿದ ಫೈಲು ಬಿಚ್ಚಿಕೊಳ್ಳಲಿ ಎಂದು ಜನ ವರ್ಷಗಟ್ಟಲೆ ಕಾದಿದ್ದಾರೆ, ಅದು ಬಿಚ್ಚಿಕೊಂಡಿಲ್ಲ. ಅದೇ ಕೈಯಿಂದ ಗಾಳಕ್ಕೆ ಹಾಕಿದ ಗಂಟು ಮಾತ್ರ ಮೀನಿನ ನೆರಳು ಕಂಡ ಕೂಡಲೇ ಬಿಚ್ಚಿಕೊಳ್ಳುತ್ತದೆ. ಮೊದಲು ನಾನು ದಾರದ ಮೇಲೆ ತಪ್ಪು ಹೊರಿಸಿದೆ, ಮೂರು ಬಗೆಯ ದಾರ ತರಿಸಿದೆ. ಕೊನೆಗೆ ಸತ್ಯ ಹೇಳಿದವರು ಮುರುಗೇಶ್ ಮಾಮ. ಅವರು ಅಪ್ಪನ ಜೊತೆ ಅದೇ ಕುಲುಮೆಯಲ್ಲಿದ್ದವರು, ಅದೇ ಮಡುವಿನ ಬಳಿ ಮೂವತ್ತು ವರ್ಷ ಪಕ್ಕದಲ್ಲಿ ಕೂತವರು. ಮನೆಮಾತು ತಮಿಳು. ಈಗಲೂ ಪ್ರತಿ ಭಾನುವಾರ ಮಡಿಸುವ ಕುರ್ಚಿ ತಂದು ಅಲ್ಲಿ ಕೂರುತ್ತಾರೆ. ಒಂದು ಭಾನುವಾರ ನನ್ನ ಕೇಸರಿ ಕಪ್ಪೆಯನ್ನು ಕೊರವ ನಿಜಕ್ಕೂ ನುಂಗಿತು. ನಾನು ಎಳೆದೆ. ದಾರ ಹಗುರವಾಗಿ ಹಿಂದಕ್ಕೆ ಬಂತು. ಮಾಮ ಅದರ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದರು.

"ನೋಡು ತಂಬಿ, ಸುರುಳಿ ಸುರುಳಿ ಆಗೈತಲ್ಲ. ದಾರ ಕಿತ್ತೋದ್ರೆ ತುದಿ ನೆಟ್ಟಗೆ ಇರ್ತದೆ. ಇದು ಗಂಟು ಜಾರಿರೋದು. ಶಿವಣ್ಣನ ಮಗ ಆಗಿ ಇದೇನಪ್ಪಾ."

ಅವರು ಬೈಯಲಿಲ್ಲ, ನಗಲೂ ಇಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಅದರ ಮೇಲೆ ಅವರು ಜೇಬಿನಿಂದ ಸಣ್ಣ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಒಳಗೆ ಆರು ಕೊಕ್ಕೆ, ಕಣ್ಣಿಲ್ಲದ ಹಳೆಯ ನಮೂನೆಯವು. "ನನ್ನ ಕಣ್ಣು ಮೊದ್ಲಿನಂಗಿಲ್ಲ. ಮನೇಲಿ ಕೂತು ಕಟ್ಕೊಂಡು ಬಾ, ಮುಂದಿನ ಭಾನುವಾರಕ್ಕೆ. ಅಪ್ಪನ ಗಂಟು ಒಂದ್ಸಲ ನೋಡ್ತೀನಿ" ಎಂದರು. ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದು "ಆಯ್ತು ಮಾಮ" ಎಂಬ ಮಾತು.

ಆ ವಾರ ನನ್ನ ಊಟ ತಿಂಡಿಯೆಲ್ಲ ಫೋನಿನ ಮುಂದೆ. ಗೋಡೆಗೆ ಫೋನು ಒರಗಿಸಿ, ಅಮೆರಿಕದವನು ಸುತ್ತಿದಂತೆ ಸುತ್ತುವುದು, ಅವನು ಎಳೆದಂತೆ ಎಳೆಯುವುದು. ಅವನದು ಬಿಗಿಯುತ್ತಿತ್ತು, ನನ್ನದು ಬಿಡಿಸಿದ ಜಡೆಯಾಗುತ್ತಿತ್ತು. ಅವನ ಕೈ ಯಾವಾಗಲೂ ನನಗೆ ಎದುರಾಗಿದ್ದುದರಿಂದ ಎಡ ಬಲ ಅದಲುಬದಲಾಯಿತೇನೋ ಎಂದು ಕನ್ನಡಿಯ ಮುಂದೆಯೂ ಕೂತೆ. ಅಲ್ಲಿ ಕಂಡದ್ದು ಇನ್ನೂ ಗೋಜಲು. ಬುಧವಾರ ಕೊಕ್ಕೆ ಹೆಬ್ಬೆರಳಿಗೆ ಚುಚ್ಚಿಕೊಂಡಿತು. ಗುರುವಾರ ಕಚೇರಿಯಲ್ಲಿ ಫೈಲಿನ ಲಾಡಿಯನ್ನು ಪೆನ್ನಿಗೆ ಸುತ್ತಿ ಅಭ್ಯಾಸ ಮಾಡುತ್ತಿದ್ದಾಗ ಸಾಹೇಬರು ಬಂದು ಎರಡು ನಿಮಿಷ ಸುಮ್ಮನೆ ನಿಂತು, ಆರೋಗ್ಯ ಹೇಗಿದೆ ಎಂದು ಕೇಳಿ ಹೋದರು. ಇಷ್ಟೂ ದಿನ, ಈಗ ನಮ್ಮ ಜೊತೆಗೇ ಇರುವ ಅಮ್ಮ ನಡುಮನೆಯ ಕಿಟಕಿ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತ ನನ್ನನ್ನೇ ನೋಡುತ್ತಿದ್ದರು. ಏನೋ ಹೇಳಲು ಹೊರಟವರಂತೆ ಮುಖ ಎತ್ತುವುದು, ಮತ್ತೆ ಕಾಯಿಗೆ ಕೈ ಹಾಕುವುದು.

"ಅಪ್ಪ ಹೇಗೆ ಕಟ್ತಿದ್ರು ಅಂತ ನೀನಾದ್ರೂ ನೋಡಿಲ್ವೇನಮ್ಮಾ" ಎಂದು ಕೇಳಿದೆ.

"ನೋಡಿದೀನಿ" ಎಂದರು. ಅಷ್ಟೇ.

ನಾನು ನೋಡಿರಲಿಲ್ಲ, ಅದು ನಿಜ. ರಜೆಯ ಹಿಂದಿನ ಸಂಜೆ ಅಪ್ಪ ಗಾಳದ ಡಬ್ಬಿ ಹಿಡಿದು ಒಳಕೋಣೆಗೆ ಹೋದರೆ ಬಾಗಿಲು ಹಾಕಿಬಿಡುತ್ತಿದ್ದರು. ಗಂಟು ಹಾಕುವಾಗ ಯಾರೂ ಮಾತಾಡಿಸಕೂಡದು, ಸುತ್ತು ತಪ್ಪುತ್ತದೆ ಎಂಬುದು ಕಟ್ಟಪ್ಪಣೆ. ನಾನೂ ತಂಗಿಯೂ ಹೊರಗೆ ಪಿಸುಮಾತಿನಲ್ಲಿ ಆಡುತ್ತಿದ್ದೆವು. ಅಮ್ಮ ಒಳಗೇ ಇರುತ್ತಿದ್ದರು, ಆದರೆ ಅವರಿಗೆ ಅಲ್ಲಿ ತಮ್ಮದೇ ಕೆಲಸವಿತ್ತು. ಕ್ವಾರ್ಟರ್ಸಿನ ಅರ್ಧ ಹೆಂಗಸರ ಸೀರೆಗೆ ಕುಚ್ಚು ಕಟ್ಟುತ್ತಿದ್ದವರು ಅವರೇ. ಸೆರಗಿನ ಎಳೆಗಳನ್ನು ಕೂಡಿಸಿ ಹಿಡಿದು, ಅದರ ಕತ್ತಿಗೆ ರೇಷ್ಮೆ ದಾರವನ್ನು ಏಳೆಂಟು ಸುತ್ತು ಸುತ್ತಿ, ತುದಿಯನ್ನು ಆ ಸುತ್ತಿನೊಳಗಿಂದಲೇ ತೂರಿಸಿ ಎಳೆಯುತ್ತಿದ್ದರು. ಒಂದೊಂದು ಸೀರೆಗೆ ಅಂಥವು ನೂರಾರು. ಎಳೆಯುವ ಮುಂಚೆ ದಾರವನ್ನು ತುಟಿಗೆ ತಾಗಿಸಿ ಒದ್ದೆ ಮಾಡಿಕೊಳ್ಳುವುದು ಅವರ ಅಭ್ಯಾಸ. ಈ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವಷ್ಟು ಬುದ್ಧಿ ನನಗೆ ಐವತ್ತಮೂರು ವರ್ಷ ಬರಲಿಲ್ಲ. ಇಲಾಖಾ ಪರೀಕ್ಷೆಯಲ್ಲಿ ಮಾತ್ರ ನಾನು ಮೊದಲ ಸಲಕ್ಕೇ ಪಾಸು.

ಶನಿವಾರ ಸಂಜೆ ಕಚೇರಿಯಿಂದ ಬಂದಾಗ ಅಮ್ಮ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಕೂತಿದ್ದರು. ಮಡಿಲಲ್ಲಿ ದಿಂಬು. ದಿಂಬಿನ ಅಂಚಿಗೆ ಸಾಲಾಗಿ ಐದು ಕೊಕ್ಕೆ ಚುಚ್ಚಿಕೊಂಡಿದ್ದವು, ಆರನೆಯದು ಕೈಯಲ್ಲಿ. ಒಂದೊಂದರ ಕಾಲಿಗೂ ನೈಲಾನ್ ದಾರ ಒತ್ತೊತ್ತಾಗಿ ಸುತ್ತಿಕೊಂಡು ಕೂತಿತ್ತು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿರಲಿಲ್ಲ. ಅವರು ದಾರವನ್ನು ತುಟಿಗೆ ತಾಗಿಸಿ ಎಳೆದರು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದೆ.

"ಇನ್ನು ನೋಡಕ್ಕಾಗಲ್ಲ ಮಾರಾಯ. ವಾರದಿಂದ ಕೈ ಕೈ ಚುಚ್ಕೋತಿದೀಯ" ಎಂದರು ಅಮ್ಮ, ತಲೆ ಎತ್ತದೆ. "ನಿಮ್ಮಪ್ಪನಿಗೆ ಅಂಗಿ ಗುಂಡಿ ಹಾಕ್ಕೊಳ್ಳಕ್ಕೇ ಕಷ್ಟ ಆಗ್ತಿತ್ತು. ಕುಲುಮೆ ಕಾವಿಗೆ ಬೆರಳ ತುದಿಯೆಲ್ಲ ದಪ್ಪಗಟ್ಟಿ ಹೋಗಿತ್ತು ಕಣೋ. ದಾರ ಹಿಡ್ಕೊಂಡಿದೀನೋ ಇಲ್ವೋ ಅಂತಾನೇ ಅವರಿಗೆ ಗೊತ್ತಾಗ್ತಿರ್ಲಿಲ್ಲ."

"ಮತ್ತೆ ಎಲ್ಲಾರೂ ಗಂಟು ಶಿವಣ್ಣ ಅಂತ…"

"ಹೆಂಡ್ತಿ ಕೈಲಿ ಗಾಳ ಕಟ್ಟಿಸ್ಕೋತಾನೆ ಅಂತ ಸೇತುವೆ ಹತ್ರ ಗೊತ್ತಾದ್ರೆ ನಗ್ತಾರೆ, ಯಾರಿಗೂ ಹೇಳಬೇಡ ಅಂದಿದ್ರು. ನಾನು ಹೇಳ್ಲಿಲ್ಲ. ಅವರು ಹೋದ್ಮೇಲೂ ಹೇಳಬಾರ್ದು ಅಂತಿದ್ದೆ. ನಿನ್ನ ಹೆಬ್ಬೆಟ್ಟು ನೋಡಿ ಮನಸ್ಸು ತಡೀಲಿಲ್ಲ."

ನನಗೆ ನಗು ಬಂತು. ಅದರ ಹಿಂದೆಯೇ ದುಃಖವೂ ಬಂತು. ಅಪ್ಪನ ಕೈ ಹಿಡಿದು ನಡೆದಾಗಲೆಲ್ಲ ಆ ಒರಟು ಬೆರಳು ನನಗೆ ಗೊತ್ತಿತ್ತು. ಅವು ಯಾವುದನ್ನೂ ಮುಟ್ಟಿ ಅರಿಯಲಾರವು ಎಂಬುದು ಗೊತ್ತಿರಲಿಲ್ಲ. ಬಾಗಿಲ ಹಿಂದೆ ಅವರಿಬ್ಬರೂ ಎಷ್ಟು ಸಂಜೆ ಹೀಗೆ ಕೂತಿರಬಹುದು, ಒಬ್ಬರು ಕಟ್ಟುತ್ತ, ಇನ್ನೊಬ್ಬರು ನೋಡುತ್ತ. ಅಪ್ಪ ಈಗ ಎದುರಿಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ತೀರಾ ಅನಿಸಿತು. ಅಮ್ಮ ನನ್ನ ಮುಖ ನೋಡಿ, ಮಾತು ಬದಲಿಸಲೆಂದೋ ಏನೋ, "ಆ ನಿನ್ನ ಕಪ್ಪೇನೂ ತಾ, ಅದಕ್ಕೂ ಕಟ್ಟಿಕೊಡ್ತೀನಿ" ಎಂದರು. ಕಂದು ಕಪ್ಪೆಯೊಂದನ್ನು ತಂದುಕೊಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೂಗಿನ ಬಳೆಗೆ ದಾರ ತೂರಿಸಿ, ಅದೇ ದಾರದ ಮೇಲೆ ಏಳು ಸುತ್ತು ಸುತ್ತಿ ಬಿಗಿದುಕೊಟ್ಟರು. ಈಗ ಗುಟ್ಟು ನಮ್ಮಿಬ್ಬರದಾಯಿತು. ಒಳಗಿನಿಂದ ಸುಮಾ, "ನನಗೂ ಕೇಳಿಸ್ತು" ಎಂದಳು.

ಮರುದಿನ ಮುರುಗೇಶ್ ಮಾಮ ಮಡುವಿನ ಬಳಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಡಬ್ಬಿ ತೆರೆದು ಒಂದು ಕೊಕ್ಕೆಯನ್ನು ಕಣ್ಣಿಗೆ ತೀರ ಹತ್ತಿರ ತಂದರು. ಆಮೇಲೆ ಕಣ್ಣಿನ ಆಸೆ ಬಿಟ್ಟು, ಉಗುರಿನಿಂದ ಸುತ್ತುಗಳನ್ನು ಮೆಲ್ಲಗೆ ಸವರಿದರು. ಸತ್ಯ ಹೇಳಿಬಿಡಬೇಕೆಂದೇ ನಾನು ಮನೆಯಿಂದ ಹೊರಟಿದ್ದೆ. ಬಸ್ಸಿನಲ್ಲಿ ಭದ್ರಾವತಿ ಬರುವವರೆಗೂ ಮಾತನ್ನು ಜೋಡಿಸಿಕೊಂಡಿದ್ದೆ.

"ಏಳು ಸುತ್ತು. ಅದೇ ಬಿಗಿ" ಎಂದರು ಮಾಮ. "ಶಿವಣ್ಣನ ಕೈ ನಿನಗೆ ಬಂದುಬಿಟ್ಟೈತೆ ತಂಬಿ. ಹೆಂಗೆ ಕಲಿತೆ ಒಂದು ವಾರಕ್ಕೆ?"

ಮೂರು ವರ್ಷ ಬಿಸಿಲಲ್ಲಿ ನಿಂತು ಕಾದದ್ದು ಈ ಮಾತಿಗೇ ಅಲ್ಲವೇ. ಜೋಡಿಸಿಟ್ಟುಕೊಂಡಿದ್ದ ಸತ್ಯ ಗಂಟಲವರೆಗೆ ಬಂತು. "ಏನೋ ಮಾಮ, ಮನೆಯಲ್ಲಿ ಕೂತು ಅಭ್ಯಾಸ ಮಾಡಿದೆ" ಎಂದುಬಿಟ್ಟೆ. ಹೇಳುವಾಗ ಎದೆ ಸ್ವಲ್ಪ ಉಬ್ಬಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಅಂದು ಕಂದು ಕಪ್ಪೆಗೆ ಒಂದು ಮೊಳದ ಕೊರವ ಬಿತ್ತು, ದಂಡೆಗೆ ಬರುವವರೆಗೂ ಒದ್ದಾಡಿತು, ಗಂಟು ಒಂದು ಎಳೆಯೂ ಅಲುಗಲಿಲ್ಲ.

ಮನೆಗೆ ಬಂದು ಮೀನನ್ನು ಕಟ್ಟೆಯ ಮೇಲಿಟ್ಟೆ. ಸುಮಾ ಅದನ್ನು ಬೆರಳಿನಿಂದ ಒತ್ತಿ, ಇದಾದರೂ ರಬ್ಬರಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡಳು. ಅಮ್ಮ ನಿಧಾನವಾಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಮುರುಗೇಶ ಏನಂದ?"

"ಗಂಟು ಬಹಳ ಚೆನ್ನಾಗಿದೆ ಅಂದ್ರು."

"ಯಾರು ಕಟ್ಟಿದ್ದು ಅಂತ ಹೇಳಿದೆ?"

ನಾನು ಈಳಿಗೆಮಣೆ ಎಲ್ಲಿದೆ ಎಂದು ಹುಡುಕತೊಡಗಿದೆ. ಅದು ನನ್ನ ಕಾಲಿನ ಬಳಿಯೇ ಇತ್ತು. ಅಮ್ಮ ಒಂದು ಗಳಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರಿಗೆ ಸಿಟ್ಟು ಬಂದಂತಿರಲಿಲ್ಲ.

"ಹೂಂ. ಥೇಟ್ ನಿಮ್ಮಪ್ಪನೇ" ಎಂದು ಹೇಳಿ, ಖಾರ ರುಬ್ಬಲು ಬೆಳ್ಳುಳ್ಳಿ ಬಿಡಿಸಿಕೊಳ್ಳುತ್ತ ಕೂತರು.