ಖಾಲಿ, ಭರ್ತಿ ಮತ್ತು ಹಳದಿ

ಆಯ್ಕೆ ಮಾಡುವುದೆಂದರೆ ನನಗೆ ಮೊದಲಿನಿಂದಲೂ ಆಗದ ಕೆಲಸ. ಭಟ್ಕಳದ ಸಂತೆಯಲ್ಲಿ ಎರಡು ಬಾಚಣಿಗೆ ಕೈಗೆತ್ತಿಕೊಂಡರೆ ಎರಡನ್ನೂ ಅಲ್ಲೇ ಬಿಟ್ಟು ಮನೆಗೆ ಬರುವವಳು ನಾನು. ಆದರೆ ತೆಂಗಿನಗುಂಡಿಯ ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳೂ ನಾನೇ. ಹಾಗಾಗಿ ಯಾವ ಕುಕ್ಕರ್ ತರಬೇಕು, ಯಾವ ಟಾನಿಕ್ ಒಳ್ಳೆಯದು, ಮಗನಿಗೆ ಸಯನ್ಸೋ ಕಾಮರ್ಸೋ ಎಂದು ಎಲ್ಲರೂ ಬಂದು ಕೇಳುವುದು ನನ್ನನ್ನೇ. ನಾನೂ ಬಿಡುವುದಿಲ್ಲ, ಗಂಭೀರವಾಗಿ ಏನಾದರೊಂದು ಹೇಳಿಬಿಡುತ್ತೇನೆ. ಮೀನಿನ ಬುಟ್ಟಿ ಹೊತ್ತು ನನ್ನನ್ನು ಹೊನ್ನಾವರದ ಕಾಲೇಜಿಗೆ ಕಳಿಸಿದ ಅಮ್ಮನ ಎದುರು "ಗೊತ್ತಿಲ್ಲ" ಎನ್ನುವುದಕ್ಕೆ ಬಾಯಿ ಬರುವುದಿಲ್ಲ. ಅಷ್ಟು ಕಷ್ಟಪಟ್ಟು ತಂದ ಡಿಗ್ರಿ, ಇಷ್ಟಕ್ಕಾದರೂ ಉಪಯೋಗವಾಗಬೇಡವೇ?

ಎರಡು ಸಾವಿರದ ಇಸವಿ ಕಳೆದ ಹೊಸತು. ಭಟ್ಕಳ ಬಸ್‌ಸ್ಟ್ಯಾಂಡಿನ ಹಿಂದಿದ್ದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಅದರ ಯಜಮಾನರು ದುಬೈಯಲ್ಲಿ ದುಡಿದು ಬಂದ ಇಮ್ತಿಯಾಜ್ ಸರ್. ಒಂದು ದಿನ ಕರೆದು, "ನೋಡು ಸುಮಿತ್ರಾ, ಮುರ್ಡೇಶ್ವರದ ಶೆಟ್ಟರ ಲಾಡ್ಜಿಗೆ ರೂಮ್ ಕೊಡುವ ಸಾಫ್ಟ್‌ವೇರ್ ಬೇಕಂತೆ. ಸ್ಕ್ರೀನ್ ಹೇಗಿರ್ತದೆ ಅಂತ ಮೊದ್ಲು ಮಾದರಿ ತೋರಿಸ್ಬೇಕಂತೆ. ಅವ್ರು ಒಪ್ಪಿದ್ರೆ ನೀನು ಟೈಪಿಂಗ್ ಟೀಚರ್ ಅಲ್ಲ, ಪ್ರೋಗ್ರಾಮರ್" ಎಂದರು. ಪ್ರೋಗ್ರಾಮರ್! ಬಾಗಿಲಿನ ಮೇಲೆ ನನ್ನ ಹೆಸರು, ಅದರ ಕೆಳಗೆ ಆ ಶಬ್ದ. ಮನಸ್ಸಿನಲ್ಲೇ ಬರೆದು ನೋಡಿದೆ. ಚೆನ್ನಾಗಿ ಕಾಣುತ್ತಿತ್ತು.

ಮಾದರಿಯನ್ನು ಯಾವುದರಲ್ಲಿ ಮಾಡುವುದು ಎಂಬಲ್ಲೇ ನನ್ನ ಬಾಚಣಿಗೆಯ ಕಷ್ಟ ಶುರುವಾಯಿತು. ನಮ್ಮಲ್ಲಿ ಎರಡು ಸಾಫ್ಟ್‌ವೇರ್ ಇದ್ದವು. ಒಂದು ಚಿತ್ರ ಬಿಡಿಸುವುದು. ಅದರಲ್ಲಿ ಸ್ಕ್ರೀನನ್ನು ಮದುವೆಯ ಮಂಟಪದಂತೆ ಸಿಂಗರಿಸಬಹುದು, ಆದರೆ ಯಾವ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಇನ್ನೊಂದರಲ್ಲಿ ಬಟನ್ ಒತ್ತಿದರೆ ಮುಂದಿನ ಪುಟ ಬರುತ್ತದೆ, ನೋಡಲು ಮಾತ್ರ ಆಷಾಢದ ಆಕಾಶ, ಎಲ್ಲ ಕಡೆ ಬೂದಿ. ಕುತೂಹಲಕ್ಕೆ ಎರಡನ್ನೂ ತೆರೆದು ಇಡೀ ದಿನ ಅತ್ತಿತ್ತ ನೋಡಿದೆ. ಕಡೆಗೆ ಅಮ್ಮನನ್ನು ಕೇಳಿದೆ.

"ಚಂದದ ಸೊಸೆ ಬೇಕಾ, ಕೆಲ್ಸ ಮಾಡೂ ಸೊಸೆ ಬೇಕಾ ಅಂದಂಗಾಯ್ತು" ಎಂದಳು ಅಮ್ಮ. "ಅದ್ಕೆ ನಾ ಎಂತ ಹೇಳೂದು? ಶೆಟ್ಟರ ಮನೆಗೆ ಹೋಗೂ ಸೊಸೆ. ಶೆಟ್ಟರನ್ನೇ ಕೇಳೆ."

ಶೆಟ್ಟರು ಅನುಕೂಲಸ್ಥರು, ಚಂದದ ಸೊಸೆಯೇ ಹೋಗಲಿ ಎಂದು ಚಿತ್ರವನ್ನೇ ಮಾಡಿದೆ. ಒಂದೊಂದು ರೂಮಿಗೆ ಒಂದೊಂದು ಪುಟ್ಟ ಬಾಗಿಲು, ಖಾಲಿ ಇದ್ದರೆ ಹಸಿರು, ಭರ್ತಿಯಾದರೆ ಕೆಂಪು. ಕೆಳಗೆ ಸಮುದ್ರ, ಮೇಲೆ ಭಟ್ಕಳ ಮಲ್ಲಿಗೆಯ ಮಾಲೆ. ಶೆಟ್ಟರು ನೋಡಿದರು, ಕೌಂಟರಿನಲ್ಲಿ ಕೂರುವ ದೇವಣ್ಣನೂ ನೋಡಿದ. "ಬಾಳ ಚಂದ ಆಯ್ತು" ಎಂದರು ಶೆಟ್ಟರು. ಬದಲಾಯಿಸುವುದು ಏನಾದರೂ ಇದೆಯೇ ಎಂದು ಕೇಳಿದೆ. "ಇಷ್ಟೆಲ್ಲ ಮಾಡಿದ್ಯಲ್ಲೆ ಮಾರಾಯ್ತಿ, ಇನ್ನೆಂತ ಹೇಳೂದು? ಮಲ್ಲಿಗೆ ಒಂಚೂರು ದಪ್ಪ ಆದ್ರೆ ಲಾಯ್ಕ." ದೇವಣ್ಣನ ಪ್ರಕಾರ ಮಲ್ಲಿಗೆ ಸರಿಯಿತ್ತು, ಸಮುದ್ರ ಕಡಿಮೆ. ಮಲ್ಲಿಗೆ, ಸಮುದ್ರಗಳಲ್ಲೇ ಸಂಜೆಯಾಯಿತು. ರೂಮಿನ ಮಾತು ಯಾರೂ ಎತ್ತಲಿಲ್ಲ. ಕೆಲಸ ನಮಗೇ ಅಲ್ಲವೇ ಎಂದರೆ, "ನೋಡುವಾ" ಎಂದರು ಶೆಟ್ಟರು.

ಹಾಗಾದರೆ ಕೆಲಸದ ಸೊಸೆಯೇ ಸರಿ ಎಂದು ಮುಂದಿನ ವಾರ ಬೂದಿ ಬಣ್ಣದ್ದನ್ನು ತಯಾರು ಮಾಡಿ ಅವರ ಕಂಪ್ಯೂಟರಿಗೆ ಹಾಕಿದೆ. "ಮೊದ್ಲು ಊಟ ಮಾಡು" ಎಂದು ಶೆಟ್ಟರು ಬಲವಂತ ಮಾಡಿದರು. ಉಂಡು ಕೈ ತೊಳೆದು ಬರುತ್ತೇನೆ, ಹನ್ನೆರಡನೆಯ ರೂಮಿನ ಎದುರು ಎರಡು ಸಂಸಾರಗಳು ಚೀಲ, ಮಕ್ಕಳ ಸಮೇತ ಜಗಳಕ್ಕೆ ನಿಂತಿವೆ. ನಾನು ಉಣ್ಣುವಷ್ಟರಲ್ಲಿ ದೇವಣ್ಣ ನನ್ನ ಮಾದರಿಯ ಬಟನ್ ಒತ್ತಿ ಇಬ್ಬರಿಗೂ ಅದೇ ರೂಮು ಕೊಟ್ಟಿದ್ದ. ಒಮ್ಮೆ ಕೊಟ್ಟ ರೂಮನ್ನು ನೆನಪಿಟ್ಟುಕೊಳ್ಳುವ ಬುದ್ಧಿ ಅದಕ್ಕೆ ಇರಲಿಲ್ಲ. ಹನ್ನೆರಡು ಎಷ್ಟು ಸಲ ಕೇಳಿದರೂ ಖಾಲಿಯೇ.

"ದೇವಣ್ಣಾ, ಅದು ಬರೀ ಮಾದರಿ!"

"ಮಾದರಿ ಅಂದ್ರೆ? ಒತ್ತಿದ್ರೆ ನಂಬರ್ ಬತ್ತದಲ್ಲ! ಸುಳ್ಳು ಹೇಳೂದಾದ್ರೆ ಅಷ್ಟು ಗಟ್ಟಿ ಎಂತಕೆ ಹೇಳೂದು?"

ಶೆಟ್ಟರ ಮುಖ ನೋಡಿದೆ. ನನ್ನ ಬಾಗಿಲಿನ ಬೋರ್ಡು ಕಳಚಿ ಬಿದ್ದ ಸದ್ದು ನನಗೊಬ್ಬಳಿಗೇ ಕೇಳಿಸಿತು. ಅಷ್ಟರಲ್ಲಿ ಕರೆಂಟೂ ಹೋಯಿತು. ಒಂದು ಸಂಸಾರವನ್ನು ಬೇರೆ ರೂಮಿಗೆ ದಾಟಿಸಿ, ಫ್ಯಾನ್ ನಿಂತ ಕೌಂಟರಿಗೆ ಬಂದ ಶೆಟ್ಟರು, "ಈಗ ಬಾಯಲ್ಲೇ ಹೇಳು, ಇದು ಎಂತ ಮಾಡ್ತದೆ?" ಎಂದರು. ಕೌಂಟರಿನ ಮೇಲೆ ಯಾರದೋ ಮದುವೆಯ ಕಾಗದ ಬಿದ್ದಿತ್ತು. ಅದನ್ನು ಮಗುಚಿ ಪೆನ್ನಿನಲ್ಲಿ ನಾಲ್ಕು ರೂಮಿಗೆ ನಾಲ್ಕು ಚೌಕ ಗೀಚಿ, ಒಳಗೆ ಖಾಲಿ, ಭರ್ತಿ ಎಂದು ಬರೆದೆ. ಗೆರೆ ಒಂದೂ ನೆಟ್ಟಗೆ ಬರಲಿಲ್ಲ. ಶೆಟ್ಟರು ನನ್ನ ಕೈಯಿಂದ ಪೆನ್ನು ಕಸಿದುಕೊಂಡರು.

"ಹಿಂಗಲ್ಲ! ಈ ಮೂಲೆ ರೂಮ್ ಖಾಲಿ ಅಂತ ತೋರಿಸ್ಬೇಡ."

"ಖಾಲಿ ಇಲ್ಲವಾ?"

"ಖಾಲಿ ಅದೆ. ಕೊಡೂಕಿಲ್ಲ. ನಮ್ಮೋರು ಯಾರಾದ್ರೂ ಬಂದ್ರೆ?"

"ಹಾಗಾದರೆ ಭರ್ತಿ ಅಂತ ಹಾಕಲಾ?"

"ಭರ್ತಿ ಹೆಂಗಾಗ್ತದೆ? ಬಾಳ ಬೇಕಾದವ್ರು ಬಂದ್ರೆ ಕೊಡೂದೇ!"

"ಅಲ್ಲ, ಬಂದವರು ಕೇಳಿದರೆ ಏನು ಹೇಳ್ತೀರಿ?"

"'ನೋಡುವಾ' ಹೇಳೂದು" ಎಂದ ದೇವಣ್ಣ, ಇಷ್ಟೂ ತಿಳಿಯದವಳೇ ಎನ್ನುವಂತೆ.

ಮತ್ತೆ ಇಬ್ಬರ ಬಾಯಿಯೂ ನಿಲ್ಲಲಿಲ್ಲ. ಡ್ರೈವರುಗಳು ಮಲಗುವ ತಾರಸಿ, ಮಧ್ಯಾಹ್ನ ಬರೀ ಸ್ನಾನಕ್ಕೆ ಬರುವವರು, ಎಲ್ಲವೂ ಮದುವೆಯ ಕಾಗದದ ಬೆನ್ನಿಗೆ ಹತ್ತಿದವು. ಅದೇ ಜನ, ಮಲ್ಲಿಗೆಯ ಎದುರು ರೂಮಿನ ಮಾತು ಯಾಕೆ ಎತ್ತಿರಲಿಲ್ಲ? ಬಸ್ಸಿನಲ್ಲಿ ಬರುತ್ತ ಅದನ್ನೇ ಯೋಚಿಸಿದೆ. ನಮ್ಮನೆಯಲ್ಲಿ ಸಾರು ಒಲೆಯ ಮೇಲೆ ಕುದಿಯುವಾಗ ಹಾದುಹೋಗುವವರೆಲ್ಲ ಹುಳಿ ಸಾಲದು, ಖಾರ ಹೆಚ್ಚು ಎನ್ನುತ್ತಾರೆ. ಅದೇ ಸಾರು ಬಟ್ಟಲಿಗೆ ಬಿದ್ದ ಮೇಲೆ, ಕಣ್ಣಲ್ಲಿ ನೀರು ತುಂಬಿದ ನೆಂಟರೂ "ಲಾಯ್ಕ ಆಗದೆ" ಎನ್ನುತ್ತಾರೆ. ಮಾಡಿ ಮುಗಿಸಿದ್ದಕ್ಕೆ ಕುಂದು ಹೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ನನ್ನ ಎರಡೂ ಸಾಫ್ಟ್‌ವೇರುಗಳು ಬಟ್ಟಲಿಗೆ ಬಡಿಸಿದ ಸಾರಾಗಿದ್ದವು. ಸೊಟ್ಟ ಗೆರೆ ಮಾತ್ರ ಇನ್ನೂ ಕುದಿಯುತ್ತಿತ್ತು.

ಆಮೇಲೆ ಬೂದಿ ಬಣ್ಣದ ಸಾಫ್ಟ್‌ವೇರಿನಲ್ಲೇ ಮತ್ತೆ ಮಾಡಿದೆ. ಹಸಿರು, ಕೆಂಪಿನ ಜೊತೆಗೆ ಹಳದಿ ಎಂಬ ಹೊಸ ಬಣ್ಣ, ಅಂದರೆ ಇದೆ, ಆದರೆ ನೋಡುವಾ. ಶೆಟ್ಟರು ಹಳದಿ ಕಂಡದ್ದೇ ಒಪ್ಪಿದರು. ಕೆಲಸ ನಮಗೇ ಸಿಕ್ಕಿತು.

ಬಾಗಿಲಿಗೆ ಎಷ್ಟು ದೊಡ್ಡ ಬೋರ್ಡು ಹಿಡಿಸೀತು ಎಂದು ಗೇಣು ಹಾಕಿ ನೋಡಿಯೇ ಇಮ್ತಿಯಾಜ್ ಸರ್ ಎದುರು ನಿಂತೆ.

"ಆ ಪೋಸ್ಟಾ? ಇದೆ ಸುಮಿತ್ರಾ, ಖಾಲಿನೇ ಇದೆ" ಎಂದ ಸರ್ ಮೇಜಿನ ಮೇಲಿನ ಕಾಗದಗಳನ್ನು ಸರಿಯಾಗಿ ಜೋಡಿಸಿದರು. ಆಮೇಲೆ ಮತ್ತೊಮ್ಮೆ ಜೋಡಿಸಿದರು. "ನೋಡುವಾ."

ಮುರ್ಡೇಶ್ವರದ ತನಕ ಹೋಗಿ ಹಳದಿ ಬಣ್ಣ ಕಂಡುಹಿಡಿದು ಬಂದವಳಿಗೆ, ತಾನು ಕೂರಬೇಕೆಂದಿದ್ದ ಕುರ್ಚಿಯ ಬಣ್ಣ ಕಂಡಿರಲಿಲ್ಲ. "ಆಯ್ತು ಸರ್" ಎಂದು ಟೈಪಿಂಗ್ ಕ್ಲಾಸಿಗೆ ನಡೆದೆ. ಸಂಜೆ ಬಾಗಿಲಲ್ಲೇ ಕಾಯುತ್ತಿದ್ದ ಅಮ್ಮ, "ಎಂತ ಆಯ್ತೆ, ಪ್ರೋಗ್ರಾಮರ್ ಕೆಲ್ಸ ಸಿಕ್ತಾ?" ಎಂದು ಕೇಳಿದಳು. ಕೇರಿಯ ಮೊದಲ ಡಿಗ್ರಿ, ಗೊತ್ತಿಲ್ಲ ಎನ್ನಲಾಗುತ್ತದೆಯೇ?

"ನೋಡುವಾ" ಎಂದೆ, ಗಂಭೀರವಾಗಿ.