ನೇತಾಡುವವನು ನೆಟ್ಟಗೆ ನಿಂತ

ಹೆಂಡತಿ ಚಿತ್ರವನ್ನು ತಿರುಗಿಸಿ ಇಟ್ಟಳು. ಆದದ್ದು ಅಷ್ಟೇ. ಆಮೇಲಿನ ಅನಾಹುತವೆಲ್ಲ ಅದರ ಬಾಲ ಹಿಡಿದುಕೊಂಡೇ ಬಂತು.

ಗೆರೆಯಣ್ಣ ಹಲ್ಲುಜ್ಜಿ ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಆರು ದಿನದ ಬೆವರು ಬುಡಮೇಲಾಗಿತ್ತು.

"ಅಲ್ರೀ, ಮನುಷ್ಯನ್ನ ತಲೆ ಕೆಳಗೆ ಮಾಡಿ ಬರೆದಿದ್ದೀರಲ್ಲ, ನಿದ್ದೆಗಣ್ಣಲ್ಲಿ ಬರೆದ್ರಾ? ಸರಿ ಮಾಡಿಟ್ಟಿದೀನಿ ನೋಡಿ."

"ಅವನು ಇರೋದೇ ಹಾಗೆ ಕಣೇ! ಅವನ ಹೆಸರೇ ನೇತಾಡುವವನು!"

"ಓಹೋ, ಮನೇಲಿ ಒಬ್ಬ ಸಾಲದು ಅಂತ ಇನ್ನೊಬ್ಬನ್ನ ಬರೆದ್ರಾ," ಎಂದು ಅವಳು ಊಟದ ಡಬ್ಬಿಯ ಮುಚ್ಚಳ ಒತ್ತಿದಳು.

ಗೆರೆಯಣ್ಣ ಮಕ್ಕಳ ವಾರಪತ್ರಿಕೆಯೊಂದರ ಚಿತ್ರಕಾರ. ಮೂರು ವರ್ಷದಿಂದ ಜಪಾನಿನವರ ಮಾಂಗಾ ಧಾಟಿಯಲ್ಲಿ ಒಂದು ಚಿತ್ರಕಥೆ ಬರೆಯುತ್ತಿದ್ದ. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಟ್ಯಾರೋ ಎಲೆಯಿಂದ ಶಕ್ತಿ; ಭವಿಷ್ಯ ಹೇಳುವ ಇಸ್ಪೀಟಿನಂಥ ಎಲೆಗಳು ಅವು. ಗೋಪುರದ ಎಲೆಯ ಮೇಲೆ ಸಿಡಿಲು ಬಡಿದ ಗೋಪುರವಿದೆ. ಹಾಗಾಗಿ ಅದನ್ನು ಹಿಡಿದ ದುಷ್ಟ ಕಟ್ಟಡವಿರಲಿ, ಮನುಷ್ಯನಿರಲಿ, ಯಾವುದಕ್ಕೆ ಬೆರಳು ತೋರಿದರೂ ಅದು ಕುಸಿಯುತ್ತದೆ. ಚಂದ್ರನ ಎಲೆಯವಳು ದಿಟ್ಟಿಸಿದರೆ ಎದುರಿನವನಿಗೆ ತನ್ನ ಭಯವೇ ನಾಯಿಯಾಗಿ ಕಾಣುತ್ತದೆ. ನಾಯಕನಿಗೆ ಸಿಕ್ಕಿದ್ದು ಒಂದೇ ಕಾಲಿಗೆ ಹಗ್ಗ ಕಟ್ಟಿಸಿಕೊಂಡು, ತಲೆ ಕೆಳಗಾಗಿ, ಮುಖದಲ್ಲಿ ಚೂರೂ ಗಾಬರಿಯಿಲ್ಲದೆ ನೇತಾಡುವವನ ಎಲೆ. ಅವನು ಸುಮ್ಮನೆ ನೇತಾಡುತ್ತಿದ್ದರೆ ಸಾಕು, ವೈರಿಯ ಶಕ್ತಿ ವೈರಿಗೇ ತಿರುಗಿ ಹೊಡೆಯುತ್ತದೆ.

ಎಲೆ ನೆಟ್ಟಗಿದ್ದರೆ ಶಕ್ತಿ ಉಂಟು, ತಿರುಗಿದರೆ ಇಲ್ಲ. ಕಥೆಯ ಉದ್ದಕ್ಕೂ ಇದೇ ನಿಯಮ. ಆದರೆ ಈ ಹಾಳು ಎಲೆ ನೆಟ್ಟಗಿದ್ದಾಗಲೇ ಅದರೊಳಗಿನ ಮನುಷ್ಯ ತಲೆ ಕೆಳಗಾಗಿರುತ್ತಾನೆ. ಇದನ್ನು ಯಾರಿಗೆ ಬಿಡಿಸಿ ಹೇಳುವುದು?

ಹೇಳಲೇಬೇಕಾದ ವಾರವೇ ಅದು. ಪತ್ರಿಕೆಯ ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು: "ಈ ಸಲ ನಿನ್ನ ನಾಯಕ ಗೋಪುರದವನನ್ನ ಗೆಲ್ಲಬೇಕು. ಓದಿದವರು ಎದ್ದು ಕುಣೀಬೇಕು. ಇಲ್ಲಾಂದ್ರೆ ಆ ಎಂಟು ಪುಟ ಅತ್ತಿಗೆಗೆ." ಅವರ ಅತ್ತಿಗೆ ವಾರಭವಿಷ್ಯ ಬರೆಯುತ್ತಿದ್ದರು. ಹನ್ನೆರಡು ರಾಶಿಯನ್ನು ಒಂದು ಪುಟದಲ್ಲಿ ತುರುಕಿ ತುರುಕಿ ಅವರಿಗೆ ಬೇಜಾರು ಬಂದಿತ್ತು. ಪುಟ ಹೋದರೆ ಗೆರೆಯಣ್ಣನಿಗೆ ಉಳಿಯುವುದು ಚುಕ್ಕಿ ಸೇರಿಸುವ ಆಟ. ಮೂರು ವರ್ಷ ಯುದ್ಧ ಬರೆದ ಕೈ ಒಂದು, ಎರಡು, ಮೂರು ಎಂದು ಚುಕ್ಕಿ ಇಡುತ್ತಾ ಕೂರಬೇಕು.

ಈ ವಾರದ ಕಂತಿನಲ್ಲಿ ಗೋಪುರದವನು ನಾಯಕನತ್ತ ಬೆರಳು ಎತ್ತುತ್ತಾನೆ. ಕೊನೆಯ ಪುಟದಲ್ಲಿ ಮಾತಿಲ್ಲ, ಕತೆಯಿಲ್ಲ. ಇಡೀ ಪುಟಕ್ಕೆ ನೆಟ್ಟಗಿರುವ ಎಲೆಯೊಂದೇ. ಅಂದರೆ ನಾಯಕ ಗೆದ್ದ. ಅಂದ ಕೆಡುತ್ತದೆಂದು ಗೆರೆಯಣ್ಣ ಹಟ ಹಿಡಿದು ಪುಟಸಂಖ್ಯೆಯನ್ನೂ ತೆಗೆಸಿದ್ದ.

ಚಿತ್ರದ ಹಿಂಬದಿಯಲ್ಲಿ 'ಈ ಕಡೆ ಮೇಲೆ' ಎಂದು ದಪ್ಪಗೆ ಬರೆದು ಕಚೇರಿಯಲ್ಲಿ ಕೊಟ್ಟ. ಪುಟ ಜೋಡಿಸುವ ಅಕ್ಕ ಅದನ್ನು ಕಂಪ್ಯೂಟರಿಗೆ ಹಾಕಿದಳು. ಪರದೆಯಲ್ಲಿ ನಾಯಕ ಗೋಡೆಗೆ ಒರಗಿಸಿದ ಕೊಡೆಯ ಹಾಗೆ ನೆಟ್ಟಗೆ ನಿಂತಿದ್ದ.

"ಅಕ್ಕಾ! ಹಿಂದೆ ಬರೆದಿದ್ದೆನಲ್ಲ!"

"ಹಿಂದೆ ಬರೆದಿದ್ದು ಸ್ಕ್ಯಾನರಿಗೆ ಕಾಣುತ್ತಾ? ಪಾಪ, ಸುಸ್ತಲ್ಲಿ ಉಲ್ಟಾ ಬರೆದಿದ್ದಾನೆ ಅಂತ ನಾನೇ ತಿರುಗಿಸಿದೆ. ಯಜಮಾನರಿಗೆ ಹೇಳಲ್ಲ ಬಿಡಪ್ಪ, ಹೆದರ್ಬೇಡ."

ಹಲ್ಲು ಕಚ್ಚಿ ಸರಿ ಮಾಡಿಸಿದ. ಅಲ್ಲಿಂದ ಹಾಳೆ ಕರಡು ತಿದ್ದುವ ಮೇಷ್ಟ್ರ ಕೈಗೆ ಹೋಯಿತು. ನಿವೃತ್ತರಾದರೂ ಕೆಂಪು ಪೆನ್ನು ಬಿಡದವರು. ಪುಟದ ನೆತ್ತಿಯ ಮೇಲೆ ಬರೆದರು: 'ತಲೆಕೆಳಗು. ತಿರುಗಿಸಿ.'

"ಸಾರ್, ಅವನ ಕೂದಲು ನೋಡಿ. ಕೆಳಕ್ಕೆ ಇಳಿಬಿದ್ದಿದೆ ತಾನೆ? ತಿರುಗಿಸಿದ್ರೆ ಕೂದಲು ಆಕಾಶ ನೋಡುತ್ತೆ!"

"ಭಯಕ್ಕೆ ನಿಮಿರಿದೆ ಅಂದ್ಕೋತಾರೆ ಬಿಡಯ್ಯ. ಮೂವತ್ತೈದು ವರ್ಷ ಪಾಠ ಹೇಳಿದೀನಿ, ತಲೆ ಕೆಳಗೆ ಮಾಡಿ ನಿಂತು ಪಾಸಾದವನನ್ನ ಒಬ್ಬನ್ನೂ ನೋಡಿಲ್ಲ."

"ಅವನು ಪಾಸಾಗಬೇಕಾಗಿಲ್ಲ ಸಾರ್, ಗೆಲ್ಲಬೇಕು!"

"ಪಾಸಾಗದವನು ಏನು ಗೆಲ್ತಾನೆ?"

ಗೆರೆಯಣ್ಣ ಕಾಡಿ ಬೇಡಿ ಅವರಿಂದಲೇ ಆ ಕೆಂಪು ಶಾಯಿ ಹೊಡೆದು ಹಾಕಿಸಿ ಊಟಕ್ಕೆ ಕೂತ. ಎರಡನೇ ತುತ್ತಿಗೆ ಅನುಮಾನ ಬಂತು. ಎದ್ದು ಓಡಿದ. ಅಕ್ಕ ಕೆಂಪು ಶಾಯಿ ನೋಡಿದ್ದಳು, ಹೊಡೆದು ಹಾಕಿದ್ದನ್ನು ನೋಡಿರಲಿಲ್ಲ. ನಾಯಕ ಮತ್ತೆ ಕೊಡೆಯಾಗಿದ್ದ. ಎಂಜಲು ಕೈಯಲ್ಲೇ ನಿಂತು ತಿರುಗಿಸಿದ, ಕಣ್ಣೆದುರೇ ಮುದ್ರಣಕ್ಕೆ ಕಳಿಸಿದ. ಡಬ್ಬಿಗೆ ಅಷ್ಟರಲ್ಲಿ ಇರುವೆ ಮುತ್ತಿತ್ತು.

ಆದರೂ ಜೀವ ತಡೆಯಲಿಲ್ಲ. ನಾಲ್ಕು ಗಂಟೆಗೆ ಹಿತ್ತಲಿನ ಮುದ್ರಣಶಾಲೆಗೆ ಹೋದ. ಅಲ್ಲಿಯ ಮೇಸ್ತ್ರಿಯನ್ನು ಎಲ್ಲರೂ ಮಸಿ ಮಾವ ಎನ್ನುತ್ತಿದ್ದರು. ನಲವತ್ತು ವರ್ಷದ ಮಸಿ ಉಗುರಿನಿಂದ ಹೋಗದೆ ಅಲ್ಲೇ ಸಂಸಾರ ಹೂಡಿತ್ತು. ಮಾವ ಎಂಟು ಪುಟಗಳನ್ನು ಒಂದು ದೊಡ್ಡ ಹಾಳೆಗೆ ಅಂಟಿಸಿ ಮುಗಿಸಿದ್ದ. ಗೆರೆಯಣ್ಣ ಇಣುಕಿದ. ಮೇಲಿನ ಸಾಲಿನ ಮೂಲೆಯಲ್ಲಿ ನಾಯಕ, ತಲೆ ಮೇಲೆ ಮಾಡಿಕೊಂಡು, ಕೂದಲು ನಿಮಿರಿಸಿಕೊಂಡು, ನೆಟ್ಟಗೆ ನಿಂತಿದ್ದ.

ಅವನ ತಲೆಯೊಳಗೆ ಏನೋ ಪಟ್ ಎಂದಿತು.

"ನೀನೂನಾ ಮಾವ?"

"ಏನಾಯ್ತೋ?"

"ತಿರುಗಿಸು ಅದನ್ನ!"

"ಗೆರೆಯಣ್ಣಾ, ಅದು ಹಾಗಲ್ಲ, ಮೇಲಿನ ಸಾಲು..."

"ಒಂದು ಮಾತೂ ಆಡ್ಬೇಡ! ಬೆಳಿಗ್ಗೆಯಿಂದ ಹೆಂಡತಿ ಬುದ್ಧಿ ಹೇಳಿದ್ಲು, ಅಕ್ಕ ಹೇಳಿದ್ಲು, ಮೇಷ್ಟ್ರು ಹೇಳಿದ್ರು. ಚಿತ್ರ ಬರೆದವನು ನಾನು! ತಿರುಗಿಸ್ತೀಯೋ ಇಲ್ವೋ?"

"ಕೇಳಿಸ್ಕೊಳ್ಳೋ ಒಂದು ನಿಮಿಷ..."

"ಕೇಳಲ್ಲ!"

ಮಾವ ಅವನ ಮುಖ ನೋಡಿದ. ಪುಟ ಕಿತ್ತು, ತಿರುಗಿಸಿ, ಅಂಟಿಸಿದ. "ಆಯ್ತಪ್ಪ. ನಿನ್ನ ಚಿತ್ರ, ನಿನ್ನ ಹಣೆಬರಹ."

ಮುದ್ರಣ ಮುಗಿಯುವ ತನಕ ಗೆರೆಯಣ್ಣ ಯಂತ್ರದ ಪಕ್ಕದಲ್ಲೇ ಕಾವಲು ನಿಂತ. ಹಾಳೆಗಳು ಮಡಿಕೆಯಾಗಿ, ಕತ್ತರಿಸಿಕೊಂಡು, ಪುಸ್ತಕವಾಗಿ ಬಂದವು. ಮೊದಲ ಪ್ರತಿ ಬಿಸಿಬಿಸಿಯಾಗಿತ್ತು. ಕೊನೆಯ ಪುಟ ತೆಗೆದ.

ನಾಯಕ ನೆಟ್ಟಗೆ ನಿಂತಿದ್ದ.

"ಅದನ್ನೇ ಹೇಳೋಕೆ ಬಂದೆ," ಎಂದ ಮಸಿ ಮಾವ, ಕೈ ಒರೆಸಿಕೊಳ್ಳುತ್ತ. "ಹಾಳೆಯಲ್ಲಿ ಮೇಲಿನ ಸಾಲಿನ ನಾಲ್ಕು ಪುಟಾನೂ ಉಲ್ಟಾನೇ ಅಂಟಿಸ್ಬೇಕು. ಮಡಚಿದ ಮೇಲೆ ನೆಟ್ಟಗಾಗುತ್ತೆ. ನಿನ್ನದು ಸರಿಯಾಗೇ ಇತ್ತು."

ದಿನವೆಲ್ಲ ಊರಿನವರಿಂದ ಕಾಪಾಡಿದ ನಾಯಕನನ್ನು ಕೊನೆಗೆ ಗೆರೆಯಣ್ಣನೇ ಕೈಯಾರೆ ಕೆಡವಿದ್ದ.

ಅದೇ ಹೊತ್ತಿಗೆ ಯಜಮಾನರು ಅತ್ತಿಗೆಯೊಂದಿಗೆ ಒಳಗೆ ಬಂದರು. ಅತ್ತಿಗೆ ಕನ್ನಡಕ ಏರಿಸಿ ಪುಟ ತಿರುವಿದರು, ಕೊನೆಯ ಪುಟದಲ್ಲಿ ನಿಂತರು. ಅವರ ಕಣ್ಣಲ್ಲಿ ನೀರು!

"ಎಲೆ ತಿರುಗಿಬಿಟ್ಟಿದೆ," ಎಂದರು ಮೆಲ್ಲಗೆ. "ಶಕ್ತಿ ಹೋಯ್ತು. ಕೂದಲು ನೋಡಿ, ಪಾಪ, ಸಾಯೋ ಭಯ. ಸತ್ತ. ಒಂದೇ ಒಂದು ಮಾತಿಲ್ಲದೆ ಎಂಥಾ ಮುಕ್ತಾಯ!"

ಮೂರು ವರ್ಷದಲ್ಲಿ ಅವನ ನಿಯಮವನ್ನು ಅರ್ಥ ಮಾಡಿಕೊಂಡಿದ್ದವರು ಅವರೊಬ್ಬರೇ.

"ಗೆಲ್ಲಿಸು ಅಂದ್ರೆ ಮುಗಿಸೇಬಿಟ್ಯಲ್ಲೋ!" ಎಂದರು ಯಜಮಾನರು, ಬೆನ್ನು ತಟ್ಟಿ. "ಭೇಷ್. ನಿನ್ನನ್ನ ಒಪ್ಪಿಸೋದು ಹೇಗಪ್ಪಾ ಅಂತ ನಾನು ಒದ್ದಾಡ್ತಿದ್ದೆ. ನೀನೇ ಪುಟ ಬಿಟ್ಟುಕೊಟ್ಟೆ. ಅತ್ತಿಗೆ, ಎಂಟೂ ನಿಮ್ಮದು. ನಾಳೆಯಿಂದ ನಿಂಗೆ ಚುಕ್ಕಿ, ಗೆರೆಯಣ್ಣ."

"ಯಜಮಾನ್ರೇ, ಅದು... ಅದು ತಪ್ಪಾಗಿ..."

ಯಜಮಾನರ ಮುಖ ಬದಲಾಯಿತು. "ತಪ್ಪಾ? ಯಾರದು ತಪ್ಪು? ಹೇಳು, ಅವನನ್ನ ಈಗಲೇ ಮನೆಗೆ ಕಳಿಸ್ತೀನಿ."

ಮಸಿ ಮಾವ ಕೈ ಒರೆಸುವುದನ್ನು ನಿಲ್ಲಿಸಿದ.

"ಏನಿಲ್ಲ ಯಜಮಾನ್ರೇ," ಎಂದ ಗೆರೆಯಣ್ಣ. "ಯಾರ ತಪ್ಪೂ ಇಲ್ಲ."

ಸಂಜೆ ಮನೆಗೆ ಬಂದು ಪತ್ರಿಕೆಯನ್ನು ಮೇಜಿನ ಮೇಲೆ ಎಸೆದು, ಮಂಚದ ಮೇಲೆ ಅಡ್ಡಲಾಗಿ ಬಿದ್ದ. ತಲೆ ಮಂಚದಂಚಿನಿಂದ ಕೆಳಕ್ಕೆ ಜೋತು ಬಿತ್ತು. ಹೆಂಡತಿ ಪುಟ ತಿರುವಿ ಕೊನೆಗೆ ಬಂದಳು. ಅವಳ ಮುಖ ಅರಳಿತು.

"ಹ್ಞಾಂ! ಈಗ ಸರಿಯಾಗಿದೆ ನೋಡಿ. ಬೆಳಿಗ್ಗೆ ನಾನು ಬಡ್ಕೊಂಡಿದ್ದು ಇದನ್ನೇ ಅಲ್ವಾ? ನನ್ನ ಮಾತು ಆಗಲೇ ಕೇಳಿದ್ರೆ ದಿನಾ ಪೂರ್ತಿ ಒದ್ದಾಡೋದು ತಪ್ತಿತ್ತು."

ಗೆರೆಯಣ್ಣ ಹಾಗೇ ಜೋತುಬಿದ್ದು ಅವಳನ್ನು ನೋಡಿದ. ಯಾವ ಶಕ್ತಿಯೂ ಬರಲಿಲ್ಲ.