ಇಲ್ಲದ ಕುರಿಯ ತೂಕ

ಕಂಪ್ಯೂಟರ್ ಮೇಜಿನ ಮೇಲೆ ಸರಿಯಾಗಿ ನಡೆದದ್ದು ಸಿದ್ದಾಪುರದ ಬಂಡೆಗಳ ನಡುವೆಯೂ ಸರಿಯಾಗಿಯೇ ನಡೆಯುತ್ತದೆ ಎಂದು ನಂಬುವವರು ಲೋಕದಲ್ಲಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಬಹಳ ಕಾಲ ನಾನೂ ಅವರಲ್ಲೊಬ್ಬನಾಗಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನನ್ನ ಹೆಂಡತಿಯ ಅಣ್ಣ ದಾದಾಪೀರ್ ಚಳ್ಳಕೆರೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಅದರ ಮೂಲೆಯಲ್ಲಿ ನಾನೊಂದು ಕಂಪ್ಯೂಟರ್ ಇಟ್ಟಿದ್ದೆ. ಇಬ್ಬರೂ ಸೇರಿ ಕುರಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮಾಡಿದೆವು. ಕಬ್ಬಿಣ ಅವನದು, ಅಂಕಿ ನನ್ನದು. ಕಬ್ಬಿಣದಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ಅವನೇ ಊರಿಗೆಲ್ಲ ಹೇಳಿರುವುದರಿಂದ ನಾನು ಬೆಳೆಸುವುದಿಲ್ಲ.

ಮೊದಲ ಗಿರಾಕಿ ಸಿದ್ದಾಪುರದ ಕುರಿಗಾರ ಓಬಯ್ಯ. ಕುರಿ ಕೊಳ್ಳಲು ಬರುವ ವ್ಯಾಪಾರಿಗಳು ಕುರಿಯನ್ನು ಒಮ್ಮೆ ಕೈಯಲ್ಲಿ ಎತ್ತಿ, ಮುಖ ಸಿಂಡರಿಸಿ, ತೂಕ ತಾವೇ ಹೇಳಿಬಿಡುತ್ತಿದ್ದರು. ವ್ಯಾಪಾರಿಯ ಕೈಗೆ ಕುರಿ ಯಾವಾಗಲೂ ಹಗುರ. ಇನ್ನು ಮೇಲೆ ತಕ್ಕಡಿ ಹೇಳಿದ ತೂಕಕ್ಕೇ ಮಾರೋಣವೆಂದು ಓಬಯ್ಯ ಇಡೀ ಹಟ್ಟಿಯನ್ನು ಒಪ್ಪಿಸಿದ್ದ. ರಾಯದುರ್ಗದ ವ್ಯಾಪಾರಿ ವೆಂಕಟೇಶಲು ಕೂಡ, ನೋಡಿಯೇ ಬಿಡೋಣ ಎಂದು ಬಂದಿದ್ದ. ಹಟ್ಟಿಯ ಮುಂದೆ ತಕ್ಕಡಿ ಇಳಿಸಿ ಸ್ವಿಚ್ ಹಾಕಿದೆ. ಇನ್ನೂ ಯಾವ ಕುರಿಯೂ ಹತ್ತಿರಲಿಲ್ಲ. ಅಂಕಿ ಬಂತು: ಇನ್ನೂರ ಐವತ್ತನಾಲ್ಕು ಕಿಲೋ.

"ಏಮಯ್ಯಾ, ಇದ್ಯಾವ ಜಾತಿ ಕುರಿ? ಕಣ್ಣಿಗೇ ಕಾಣಂಗಿಲ್ಲ!" ಎಂದ ವೆಂಕಟೇಶಲು.

ಒಂದು ಟಗರನ್ನು ಹತ್ತಿಸಿದೆವು. ಇಪ್ಪತ್ತೆರಡು ಎಂದಿತು. ಸಮಾಧಾನವಾಯಿತು. ಟಗರು ಇಳಿಯಿತು. ಮತ್ತೆ ಇನ್ನೂರ ಐವತ್ತನಾಲ್ಕು.

"ಇಳಿದ್ ಮ್ಯಾಲೆ ತೂಕ ಜಾಸ್ತಿ ಆಗ್ತೈತಲ್ರಿ," ಎಂದ ಓಬಯ್ಯ, ನನಗೆ ನೋವಾಗಬಾರದೆಂದು ಮೆಲ್ಲಗೆ.

"ಹಂಗಾದ್ರೆ ಆ ಖಾಲಿದನ್ನೇ ಕೊಡು ಓಬಯ್ಯ. ಮೇವು ಬ್ಯಾಡ, ನೀರು ಬ್ಯಾಡ," ಎಂದು ವೆಂಕಟೇಶಲು ನಕ್ಕ. ಹಟ್ಟಿಯವರೂ ನಕ್ಕರು. ಓಬಯ್ಯ ಮಾತ್ರ ನಗಲಿಲ್ಲ. ಆ ದಿನ ಅವನು ಒಂದು ಕುರಿಯನ್ನೂ ಮಾರಲಿಲ್ಲ.

ಆದದ್ದು ಇಷ್ಟೇ. ಖಾಲಿ ತಕ್ಕಡಿಯ ಅಂಕಿ ಕೆಲವೊಮ್ಮೆ ಸೊನ್ನೆಗಿಂತ ಒಂದೆರಡು ಕೆಳಗಿಳಿಯುತ್ತದೆ. ಹಾಗಾದಾಗ ಸೊನ್ನೆ ಎಂದು ತೋರಿಸು ಎಂದು ನಾನು ಬರೆದಿದ್ದೆ. ನಾನು ಪರೀಕ್ಷಿಸಿ ನೋಡಿದ್ದು ನನ್ನ ಕಂಪ್ಯೂಟರಿನಲ್ಲಿ ಮಾತ್ರ; ಅದಕ್ಕೆ ಸೊನ್ನೆಯ ಕೆಳಗೂ ಅಂಕಿಗಳಿವೆ ಎಂಬುದು ಗೊತ್ತು. ತಕ್ಕಡಿಯೊಳಗಿನ ಪುಟ್ಟ ಪ್ರೊಸೆಸರ್ ಅಷ್ಟು ಕೆಳಗೆ ಎಂದೂ ಇಳಿದದ್ದಲ್ಲ; ಸೊನ್ನೆಯಿಂದ ಹಿಂದಕ್ಕೆ ಹೋದರೆ ಅದು ತನ್ನ ಕೊನೆಯ ಅಂಕಿಯಾದ ಇನ್ನೂರ ಐವತ್ತೈದಕ್ಕೆ ಸುತ್ತಿ ಬರುತ್ತದೆ, ಹಾಗಾಗಿ ಅದಕ್ಕೆ ಮೈನಸ್ ಎರಡು ಎಂದರೆ ಇನ್ನೂರ ಐವತ್ತನಾಲ್ಕು. ಅದಕ್ಕಾಗಿ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗಲೇ, ಅಂದರೆ ಪ್ರೊಸೆಸರಿನ ಭಾಷೆಗೆ ಇಳಿಸುವಾಗಲೇ, ಮೈನಸ್ ಉಂಟು ಎಂದು ಫ್ಲ್ಯಾಗ್ ಎಂಬ ಒಂದು ಸೂಚನೆ ಹಾಕಿ ಹೇಳಬೇಕು. ನಾನು ಹೇಳಿರಲಿಲ್ಲ.

"ಫ್ಲ್ಯಾಗ್ ತಪ್ಪಾಗಿತ್ತು," ಎಂದೆ ದಾದಾಪೀರನಿಗೆ.

"ಕುರಿ ತೂಗಾಕೆ ಬಾವುಟ ಯಾಕ್ರೀ ಬೇಕು?" ಎಂದ ಅವನು.

ಫ್ಲ್ಯಾಗ್ ಹಾಕಿ, ಅಂಗಡಿಯಲ್ಲೇ ತಕ್ಕಡಿಗೆ ಸ್ವಿಚ್ ಹಾಕಿದೆ. ಇನ್ನೂರ ಐವತ್ತನಾಲ್ಕು. ದಾದಾಪೀರ್ ತಂಗಿಗೆ ಫೋನ್ ಮಾಡಿದ. ಅವನು ಫೋನ್ ಮಾಡುವುದು ನಮ್ಮ ಮನೆತನಕ್ಕೆ ಒಳ್ಳೆಯದಲ್ಲ. ಮನೆಯಲ್ಲಿ ನನ್ನ ಹೆಂಡತಿ ಶಾಹಿದಾ, "ಭಾಯಿ ಕಾ ನಾಮ್ ನಕ್ಕೋ ಡುಬಾವೋ ಜೀ," ಎಂದು ಅಣ್ಣನ ಹೆಸರು ಮುಳುಗಿಸಬೇಡವೆಂದು ಚಹಾದ ಜೊತೆಗೇ ಹೇಳಿದಳು. ಚಹಾ ಮುಗಿಯುವಷ್ಟರಲ್ಲಿ ಹೊಳೆಯಿತು. ಫ್ಲ್ಯಾಗ್ ಹಾಕಿದ್ದು ನಾನು ಬರೆದ ಪ್ರೋಗ್ರಾಮಿಗೆ ಮಾತ್ರ. ತೂಕವನ್ನು ಓದಿಕೊಡುವ ಲೈಬ್ರರಿ ಎಂಬ ಭಾಗ ಬೇರೆಯಾಗಿ, ಹಳೆಯ ರೀತಿಯಲ್ಲೇ ಕಂಪೈಲ್ ಆಗಿ ಕುಳಿತಿತ್ತು. ನಾನು ತಿದ್ದಿಕೊಂಡಿದ್ದೆ, ಅದು ತಿದ್ದಿಕೊಂಡಿರಲಿಲ್ಲ. ಅಂಗಡಿಗೆ ಹಿಂದಿರುಗಿ ಅದನ್ನೂ ಅದೇ ಫ್ಲ್ಯಾಗ್ ಹಾಕಿ ಮೊದಲಿನಿಂದ ಕಂಪೈಲ್ ಮಾಡಿದೆ. ತಕ್ಕಡಿ ಸೊನ್ನೆ ಎಂದಿತು. ಸೊನ್ನೆಯನ್ನು ನೋಡಿ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಶಾಲೆಯಲ್ಲಿ ಅದನ್ನು ಸಾಕಷ್ಟು ನೋಡಿದ್ದೆ.

ಸಿದ್ದಾಪುರಕ್ಕೆ ಮತ್ತೆ ಹೋದೆವು. ಖಾಲಿ ತಕ್ಕಡಿ ಸೊನ್ನೆ ಎಂದಿತು, ಈ ನಡುವೆ ಚೆನ್ನಾಗಿ ಮೇದಿದ್ದ ಟಗರು ಹತ್ತಿದಾಗ ಇಪ್ಪತ್ಮೂರು, ಇಳಿದಾಗ ಮತ್ತೆ ಸೊನ್ನೆ. ವೆಂಕಟೇಶಲು ಸುತ್ತ ಬಂದು, ಬಗ್ಗಿ ಅಡಿಯನ್ನೆಲ್ಲ ನೋಡಿ, "ಸರೇ, ಕೊಡಪ್ಪ," ಎಂದ. ಓಬಯ್ಯ ಆಗ ನಕ್ಕ. ಕುರಿಗಳ ಸರದಿ ಮುಗಿದ ಮೇಲೆ ಹಟ್ಟಿಯ ಜನರೆಲ್ಲ ಒಬ್ಬೊಬ್ಬರಾಗಿ ಹತ್ತಿ ತೂಗಿಸಿಕೊಂಡರು. ಕೊನೆಗೆ ನನ್ನನ್ನೂ ಹತ್ತಿಸಿದರು. ಎಂಬತ್ತೊಂಬತ್ತು.

"ಗಾಳಿಗೆ ಸ್ವಲ್ಪ ಹೆಚ್ಚು ಕಮ್ಮಿ ತೋರಿಸುತ್ತದೆ," ಎಂದೆ.

"ಇವತ್ತು ಗಾಳಿ ಎಲ್ಲೈತೆ ಸ್ವಾಮಿ?" ಎಂದ ಓಬಯ್ಯ, ಈ ಸಲವೂ ಮೆಲ್ಲಗೆ.

ಮನೆಗೆ ಬಂದು ಶಾಹಿದಾಳಿಗೆ ತಕ್ಕಡಿ ಸರಿಹೋಯಿತೆಂದಷ್ಟೇ ಹೇಳಿದೆ, ಅಂಕಿ ಹೇಳಲಿಲ್ಲ. ದಾದಾಪೀರ್ ಆಗಲೇ ಫೋನ್ ಮಾಡಿ ಹೇಳಿದ್ದಾನೆಂಬುದು ಊಟಕ್ಕೆ ಕೂತಾಗ ತಿಳಿಯಿತು. ತಟ್ಟೆಯಲ್ಲಿ ರೊಟ್ಟಿ ಒಂದೇ ಇತ್ತು.